ಕಾಪಿಟ್ಟ ದನಿ, ಆಡುವ ದನಿ: ಆಗಸ್ಟ್ ವಿಲ್ಸನ್ ನಾಟಕಗಳಲ್ಲಿ ನುಡಿಯ ಉತ್ತರಾಧಿಕಾರ

ಅಮೆರಿಕದ ನಾಟಕಕಾರ ಆಗಸ್ಟ್ ವಿಲ್ಸನ್ (1945–2005) ಅವರ ಹತ್ತು ನಾಟಕಗಳ ಮಾಲೆಯನ್ನು ಇಪ್ಪತ್ತನೆಯ ಶತಮಾನದ ಕಪ್ಪು ಅಮೆರಿಕನ್ನರ ಚರಿತ್ರೆಯೆಂದು ವರ್ಣಿಸುವುದು ವಿಮರ್ಶೆಯ ರೂಢಿ. ದಶಕಕ್ಕೊಂದು ನಾಟಕವೆಂಬ ಯೋಜನೆಯೇ ಈ ವರ್ಣನೆಗೆ ಎಡೆಮಾಡಿದೆ. ‘ಜೆಮ್ ಆಫ್ ದಿ ಓಶನ್’ 1904ರಲ್ಲಿ ನಡೆಯುತ್ತದೆ, ‘ರೇಡಿಯೋ ಗಾಲ್ಫ್’ 1997ರಲ್ಲಿ. ಶಿಕಾಗೋದಲ್ಲಿ ನಡೆಯುವ ಒಂದನ್ನು ಬಿಟ್ಟರೆ ಎಲ್ಲ ನಾಟಕಗಳೂ ಪಿಟ್ಸ್‌ಬರ್ಗ್ ನಗರದ ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪು ಜನರ ಕೇರಿಗೆ ಸೇರಿದವು. ಆದರೆ ಚರಿತ್ರೆಯ ಪುಸ್ತಕಗಳು ಎತ್ತಿ ಹೇಳುವ ಘಟನೆಗಳು ಇಲ್ಲಿ ರಂಗದ ಮೇಲೆ ಬರುವುದಿಲ್ಲ. ಯುದ್ಧಗಳೂ ಚಳವಳಿಗಳೂ ದೂರದ ಸದ್ದಾಗಿ ಕೇಳಿಸುತ್ತವೆ, ಅಷ್ಟೆ. ಕಣ್ಣೆದುರಿಗೆ ಇರುವುದು ಒಂದು ಅಡುಗೆಮನೆ, ಒಂದು ಮನೆಯಂಗಳ, ಪರವಾನಗಿಯಿಲ್ಲದ ಟ್ಯಾಕ್ಸಿಗಳ ನಿಲ್ದಾಣ, ಕೆಡವಲು ಗುರುತು ಹಾಕಿದ ಹೋಟೆಲು, ಮತ್ತು ಅಲ್ಲಿ ಕುಳಿತು ಮಾತನಾಡುವ ಜನ. ಒಂದು ಜನಸಮುದಾಯ ತನ್ನ ನುಡಿಯನ್ನು ಮುಂದಿನವರಿಗೆ ಹೇಗೆ ದಾಟಿಸುತ್ತದೆ, ದಾಟಿಸಲಾರದೆ ಹೋದಾಗ ಏನಾಗುತ್ತದೆ ಎಂಬುದೇ ಈ ಮಾಲೆಯ ಒಳವಸ್ತು ಎಂದು ಓದಲು ಬಲವಾದ ಆಧಾರಗಳಿವೆ.

ವಿಲ್ಸನ್ ಅವರ ತಂದೆ ಜರ್ಮನ್ ವಲಸಿಗ, ತಾಯಿ ಡೇಸಿ ವಿಲ್ಸನ್ ಕಪ್ಪು ಮಹಿಳೆ. ಅವರು ತಂದೆಯ ಮನೆತನದ ಹೆಸರನ್ನು ತೊರೆದು ತಾಯಿಯದನ್ನು ತಮ್ಮದಾಗಿಸಿಕೊಂಡರು. ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟ ಅವರ ಮುಂದಿನ ಓದು ನಡೆದದ್ದು ಪಿಟ್ಸ್‌ಬರ್ಗಿನ ಕಾರ್ನೆಗಿ ಗ್ರಂಥಾಲಯದಲ್ಲಿ. ಮೊದಲು ಕವಿಯಾಗಲು ಹೊರಟ ಅವರಿಗೆ ಸುತ್ತಲಿನ ಜನರ ಆಡುಮಾತು ಕಲೆಗೆ ಒಗ್ಗುವಂಥದೆಂಬ ನಂಬಿಕೆ ಇರಲಿಲ್ಲ. ಅದನ್ನು ತಿದ್ದಿಯೇ ಸಾಹಿತ್ಯಕ್ಕೆ ತರಬೇಕೆಂದು ಭಾವಿಸಿದ್ದರು. 1978ರಲ್ಲಿ ಮಿನೆಸೋಟದ ಸೇಂಟ್ ಪಾಲ್ ನಗರಕ್ಕೆ ಹೋಗಿ ನೆಲೆಸಿದ ಮೇಲೆ, ಹುಟ್ಟೂರಿನ ಮಾತು ಕಿವಿಗೆ ಬೀಳದ ಆ ದೂರದಲ್ಲಿ, ಅದರ ಲಯ ಅವರಿಗೆ ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸಿತು. ಮರುವರ್ಷ ‘ಜಿಟ್ನಿ’ ಹುಟ್ಟಿತು. ಎರಡು ನುಡಿಗಳ ನಡುವೆ ಬಾಳುವವರಿಗೆ ಈ ಅನುಭವ ಅಪರಿಚಿತವಲ್ಲ.

ನುಡಿಯನ್ನು ಕುರಿತ ಚಿಂತನೆ ಮೊದಲು ಗಟ್ಟಿಯಾಗಿ ಮೂಡಿದ್ದು ‘ಮಾ ರೇನೀಸ್ ಬ್ಲ್ಯಾಕ್ ಬಾಟಮ್’ (1984) ನಾಟಕದಲ್ಲಿ. 1927ರ ಶಿಕಾಗೋದ ಧ್ವನಿಮುದ್ರಣ ಶಾಲೆಯೊಂದು ಇದರ ರಂಗಸ್ಥಳ. ಬ್ಲೂಸ್ ಗಾಯಕಿ ಮಾ ರೇನಿಗೆ ತನ್ನ ಬೆಲೆ ಚೆನ್ನಾಗಿ ಗೊತ್ತು: ಬಿಳಿಯ ಮಾಲೀಕರಿಗೆ ಬೇಕಾದದ್ದು ತನ್ನ ಕಂಠ, ಅದು ತಟ್ಟೆಗೆ ಇಳಿದ ಕ್ಷಣವೇ ತಾನು ಅವರಿಗೆ ಬೇಡದವಳು. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವುದನ್ನು ಅವಳು ಕೊನೆಯವರೆಗೂ ತಡೆಹಿಡಿಯುತ್ತಾಳೆ. ಹಾಡಿನ ಮುನ್ನುಡಿಯನ್ನು ಉಗ್ಗುವ ತನ್ನ ಸೋದರಳಿಯ ಸಿಲ್ವೆಸ್ಟರನೇ ಹೇಳಬೇಕು, ಅವನಿಗೂ ಸಂಬಳ ಸಲ್ಲಬೇಕು ಎಂದು ಹಟ ಹಿಡಿಯುತ್ತಾಳೆ. ಹಲವು ಸಲ ಎಡವಿ ಹುಡುಗ ಕೊನೆಗೊಮ್ಮೆ ಸರಾಗವಾಗಿ ನುಡಿದಾಗ ಯಂತ್ರ ಅದನ್ನು ಹಿಡಿದಿರುವುದಿಲ್ಲ. ಮೈಕಿನ ತಂತಿ ಕಳಚಿಕೊಂಡಿರುತ್ತದೆ. ನಗು ತರಿಸುವ ಈ ಸನ್ನಿವೇಶದೊಳಗೆ ದಾಖಲೀಕರಣವನ್ನೇ ಕಸುಬಾಗಿಸಿಕೊಂಡವರಿಗೆ ಕಟುವಾದ ಪ್ರಶ್ನೆಯಿದೆ. ದನಿ ಯಾರದು, ದಾಖಲೆ ಯಾರದು?

‘ದ ಪಿಯಾನೊ ಲೆಸನ್’ (1936ರಲ್ಲಿ ನಡೆಯುವ ಕಥೆ, 1990ರ ಪುಲಿಟ್ಜರ್ ಪ್ರಶಸ್ತಿ) ಇದೇ ಪ್ರಶ್ನೆಯನ್ನು ಮನೆಯೊಳಕ್ಕೆ ತರುತ್ತದೆ. ಗುಲಾಮಗಿರಿಯ ಕಾಲದಲ್ಲಿ ಈ ಮನೆತನದ ಹೆಂಗಸೊಬ್ಬಳನ್ನೂ ಅವಳ ಮಗನನ್ನೂ ಕೊಟ್ಟು ಯಜಮಾನ ಪಡೆದ ಪಿಯಾನೊ ಅದು. ಅದರ ಮೇಲೆ ಅವಳ ಗಂಡ ತನ್ನವರ ಮುಖಗಳನ್ನು ಕೆತ್ತಿದ್ದಾನೆ. ಮುಂದೆ ಅದನ್ನು ಯಜಮಾನನ ಮನೆಯಿಂದ ಹೊತ್ತು ತಂದವನು ಪ್ರಾಣವನ್ನೇ ತೆತ್ತ. ಮರಿಮಕ್ಕಳ ಕಾಲಕ್ಕೆ ಬಾಯ್ ವಿಲಿ ಅದನ್ನು ಮಾರಿ, ಪೂರ್ವಜರು ದುಡಿದ ಹೊಲವನ್ನೇ ಕೊಳ್ಳಬೇಕೆನ್ನುತ್ತಾನೆ. ಅಕ್ಕ ಬರ್ನೀಸ್ ಮಾರಲು ಬಿಡುವುದಿಲ್ಲ. ಆದರೆ ತಾನೂ ನುಡಿಸುವುದಿಲ್ಲ, ಅದರ ಕಥೆಯನ್ನು ಮಗಳಿಗೆ ಹೇಳುವುದೂ ಇಲ್ಲ. ವಿಲ್ಸನ್ ಇಬ್ಬರನ್ನೂ ಸುಲಭವಾಗಿ ಒಪ್ಪುವುದಿಲ್ಲ. ಮನೆಯನ್ನು ಕಾಡುವ ಯಜಮಾನನ ಪ್ರೇತ ತೊಲಗುವುದು ಬರ್ನೀಸ್ ಪಿಯಾನೊದ ಮುಂದೆ ಕುಳಿತು ಪೂರ್ವಜರ ಹೆಸರು ಕರೆದು ನುಡಿಸಿದಾಗ. ಮಾರುವುದು ಪರಂಪರೆಯನ್ನು ಕಳೆಯುವ ಒಂದು ದಾರಿಯಾದರೆ, ಮುಟ್ಟದೆ ಕಾಪಿಡುವುದು ಇನ್ನೊಂದು.

ಮಾಲೆಯ ಕೊನೆಯ ನಾಟಕ ‘ರೇಡಿಯೋ ಗಾಲ್ಫ್’ (2005) ಈ ಎಳೆಯನ್ನು ಅದರ ತುದಿಯವರೆಗೆ ಒಯ್ಯುತ್ತದೆ. ಮೇಯರ್ ಹುದ್ದೆಗೆ ನಿಂತಿರುವ ಹಾರ್ಮಂಡ್ ವಿಲ್ಕ್ಸ್ ಹಿಲ್ ಡಿಸ್ಟ್ರಿಕ್ಟನ್ನು ಹೊಸದಾಗಿ ಕಟ್ಟಲು ಹೊರಟಿದ್ದಾನೆ. ಅಡ್ಡವಾಗಿ ನಿಂತಿರುವುದು ವೈಲಿ ಅವೆನ್ಯೂದ 1839ನೆಯ ಸಂಖ್ಯೆಯ ಹಳೆಯ ಮನೆ. ಅದು ಏಂಟ್ ಎಸ್ಟರಳದು. 1619ರಲ್ಲಿ ಆಫ್ರಿಕನ್ನರು ವರ್ಜೀನಿಯದ ದಡಕ್ಕೆ ಬಂದ ವರ್ಷದಿಂದ ವಯಸ್ಸು ಎಣಿಸುವ, ಇಡೀ ಜನಾಂಗದ ನೆನಪೇ ಆಗಿರುವ ಆ ಅಜ್ಜಿ 1985ರ ಕಥೆಯಾದ ‘ಕಿಂಗ್ ಹೆಡ್ಲಿ ದ ಸೆಕೆಂಡ್’ನಲ್ಲಿ ತೀರಿಕೊಂಡಿದ್ದಾಳೆ. ಹಾರ್ಮಂಡ್ ಮತ್ತು ಅವನ ಪಾಲುದಾರನ ಮಾತು ಬ್ಯಾಂಕಿನ ಕಾಗದದ ಮಾತು: ಶುದ್ಧ, ಚುರುಕು, ನೆನಪಿಲ್ಲದ್ದು. ಮನೆಗೆ ಬಣ್ಣ ಬಳಿಯಲು ಬರುವ ಮುದುಕ ಜೋ ಬಾರ್ಲೋ ಬಾಯಿ ತೆರೆದಾಗ ಮಾತ್ರ ಹಳೆಯ ನಾಟಕಗಳ ಸುತ್ತುಬಳಸಿನ ಕಥನ ಮರಳಿ ಬರುತ್ತದೆ. ಈ ನಾಟಕದ ಮಧ್ಯಮವರ್ಗದ ಪಾತ್ರಗಳು ಸಪ್ಪೆ ಎಂಬ ಆಕ್ಷೇಪ ಪೂರ್ಣ ನಿರಾಧಾರವಲ್ಲ. ಆ ವರ್ಗದ ಒಳಬದುಕು ವಿಲ್ಸನ್ ಅವರಿಗೆ ಅಷ್ಟಾಗಿ ಒಲಿದಿಲ್ಲ. ಆದರೂ ಆ ಸಪ್ಪೆತನ ನಾಟಕದ ಅರ್ಥಕ್ಕೆ ಒದಗಿಬರುತ್ತದೆ. ತಾನು ಕೆಡವಲಿರುವ ಮನೆಯ ಮುದುಕ ತನ್ನ ರಕ್ತಸಂಬಂಧಿಯೆಂದು ಹಾರ್ಮಂಡನಿಗೆ ತಿಳಿಯುತ್ತದೆ. ಸಂಬಂಧ ಉಳಿದಿದೆ, ಅದನ್ನು ಆಡುವ ನುಡಿ ಅವನ ಬಾಯಲ್ಲಿ ಉಳಿದಿಲ್ಲ.

1996ರ ಜೂನ್‌ನಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಮಾಡಿದ ಭಾಷಣವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ದೇಶದ ಪ್ರಮುಖ ಪ್ರಾದೇಶಿಕ ರಂಗಮಂದಿರಗಳ ಒಕ್ಕೂಟದ 66 ಸಂಸ್ಥೆಗಳಲ್ಲಿ ಕಪ್ಪು ಜನರದೆನ್ನಬಹುದಾದದ್ದು ಒಂದೇ ಎಂದು ಅವರು ಅಲ್ಲಿ ಎತ್ತಿ ತೋರಿಸಿದರು. ಬಿಳಿಯರ ನಾಟಕಗಳಲ್ಲಿ ಕಪ್ಪು ನಟರಿಗೆ ಪಾತ್ರ ಕೊಡುವುದು ಇದಕ್ಕೆ ಪರಿಹಾರವಲ್ಲವೆಂದರು. ವಿಮರ್ಶಕ ರಾಬರ್ಟ್ ಬ್ರುಸ್ಟೀನ್ ಇದನ್ನು ಪ್ರತ್ಯೇಕತಾವಾದವೆಂದು ಖಂಡಿಸಿದರು; 1997ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರ ಬಹಿರಂಗ ಚರ್ಚೆಯೂ ನಡೆಯಿತು. ವಿಲ್ಸನ್ ಅವರನ್ನು ಬೆಳೆಸಿದ ಯೇಲ್ ರೆಪರ್ಟರಿ, ಬ್ರಾಡ್‌ವೇ ಮುಂತಾದ ವೇದಿಕೆಗಳು ಮುಖ್ಯಧಾರೆಯವೇ ಎಂಬ ಮಾತು ನಿಜ. ಆದರೆ ಆ ವಿರೋಧಾಭಾಸದಿಂದ ವಾದ ಬಿದ್ದುಹೋಗುವುದಿಲ್ಲ. ಇತರರ ಮನೆಯಲ್ಲಿ ಆದರದ ಅತಿಥಿಯಾಗುವುದಕ್ಕೂ ಸ್ವಂತ ಮನೆ ಇರುವುದಕ್ಕೂ ಇರುವ ಅಂತರವನ್ನು ಅತಿಥಿಯಾಗಿದ್ದವನೇ ಚೆನ್ನಾಗಿ ಬಲ್ಲ.

ವಿಲ್ಸನ್ ಅವರ ಮಿತಿಗಳೂ ನುಡಿಗೇ ಸಂಬಂಧಿಸಿದವು. ಬಹುತೇಕ ನಾಟಕಗಳಲ್ಲಿ ದೀರ್ಘ ಕಥನದ ಅವಕಾಶ ಗಂಡಸರ ಪಾಲು. ‘ಫೆನ್ಸಸ್’ನ ರೋಸ್ ತನ್ನ ಹದಿನೆಂಟು ವರ್ಷಗಳ ದಾಂಪತ್ಯದ ಲೆಕ್ಕ ಒಪ್ಪಿಸುವ ಮಾತಿನ ಬಲ ಅಪರೂಪಕ್ಕೆ ಮರುಕಳಿಸುತ್ತದೆ. ಅನುವಾದಕರಿಗೆ ಎದುರಾಗುವ ತೊಡಕು ಬೇರೆ. ಈ ಪಾತ್ರಗಳಿಗೆ ಕನ್ನಡದ ಗ್ರಾಂಥಿಕ ರೂಪ ಕೊಟ್ಟರೆ ವಿಲ್ಸನ್ ತೊರೆದ ತಿದ್ದುವಿಕೆಗೇ ಮರಳಿದಂತಾಗುತ್ತದೆ; ಕಾಸರಗೋಡಿನದೋ ಸೊಲ್ಲಾಪುರದ್ದೋ ಆಡುಗನ್ನಡ ಕೊಟ್ಟರೆ ಬೇರೊಂದು ಜನರ ಚರಿತ್ರೆ ಆ ಪಾತ್ರಗಳಿಗೆ ಅಂಟಿಕೊಳ್ಳುತ್ತದೆ. ಎರಡನೆಯದರಲ್ಲಿ ನಷ್ಟ ಕಡಿಮೆ: ಯಾವುದೋ ಊರಿನ ಮಾತಾಗಿರುವುದು ಆ ನಾಟಕಗಳ ಜೀವಾಳ.

ವಿಲ್ಸನ್ ತೀರಿಕೊಂಡ ತಿಂಗಳಲ್ಲೇ ಬ್ರಾಡ್‌ವೇಯ ರಂಗಮಂದಿರವೊಂದು ಅವರ ಹೆಸರು ಪಡೆಯಿತು. ‘ಫೆನ್ಸಸ್’ (2016) ಸೇರಿ ಮೂರು ನಾಟಕಗಳು ಕಪ್ಪು ನಿರ್ದೇಶಕರ ಕೈಯಲ್ಲೇ ಚಲನಚಿತ್ರಗಳಾದವು. ಅವರ ಕಾಗದಪತ್ರಗಳು ಈಗ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ; ಬಾಲ್ಯದ ಮನೆ 2022ರಲ್ಲಿ ಕಲಾಕೇಂದ್ರವಾಗಿ ತೆರೆದಿದೆ. ಇವೆಲ್ಲ ಕೆತ್ತನೆಯ ಪಿಯಾನೊದಂತೆ ಬೆಲೆಯುಳ್ಳವು. ಅವನ್ನು ನುಡಿಸಬಲ್ಲ ಬೆರಳುಗಳು ಆ ಕೇರಿಯಲ್ಲಿ ಉಳಿಯುತ್ತವೆಯೇ ಎಂಬುದು ವಿಲ್ಸನ್ ಉಳಿಸಿಹೋದ ಪ್ರಶ್ನೆ. ಅದಕ್ಕೆ ಉತ್ತರ ಸಂಗ್ರಹಾಲಯದಲ್ಲಿ ಸಿಗುವಂಥದಲ್ಲ.