ಕೊಲ್ಲಿಯ ನೀರಿನಲ್ಲೇ ಬದುಕುವ ಅಕ್ವೇರಿಯಂ

ಕ್ಯಾಲಿಫೋರ್ನಿಯಾದ ಮಾಂಟೆರಿ ಬೇ ಅಕ್ವೇರಿಯಂ ಎದ್ದಿರುವುದು ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆಯ ಜಾಗದಲ್ಲಿ. ನಮ್ಮ ಬೂತಾಯಿಯ ಬಳಗಕ್ಕೆ ಸೇರಿದ ಸಾರ್ಡೀನನ್ನು ಲೆಕ್ಕವಿಲ್ಲದೆ ಬಾಚಿದ್ದಕ್ಕೆ ಕಡಲಿನ ಬಿಸಿ-ತಂಪಿನ ಏರುಪೇರೂ ಸೇರಿ, 1940ರ ದಶಕ ಮುಗಿಯುವ ಹೊತ್ತಿಗೆ ಆ ಕಡಲಲ್ಲಿ ಮೀನು ಬತ್ತಿತ್ತು. ಹೇಗೋ ಉಸಿರು ಹಿಡಿದಿದ್ದ ಹೋವ್ಡನ್ ಕಾರ್ಖಾನೆಯೂ 1973ರಲ್ಲಿ ಮುಚ್ಚಿತು. ಎಚ್‌ಪಿ ಕಂಪನಿಯ ಪ್ಯಾಕರ್ಡ್ ದಂಪತಿಯ 5.5 ಕೋಟಿ ಡಾಲರ್ ನೆರವಿನಿಂದ 1984ರ ಅಕ್ಟೋಬರಿನಲ್ಲಿ ಅಲ್ಲಿ ಅಕ್ವೇರಿಯಂ ತೆರೆಯಿತು. ಕಾರ್ಖಾನೆಯ ಹಳೆಯ ಬಾಯ್ಲರುಗಳನ್ನು ಒಳಗೇ ಉಳಿಸಿಕೊಂಡಿದ್ದಾರೆ. ಸೋಲಿನ ಗುರುತನ್ನು ಅಳಿಸದ ಈ ಪ್ರಾಮಾಣಿಕತೆ ನನಗೆ ದೊಡ್ಡದು.

ಇಲ್ಲಿನ ನಿಜವಾದ ಸಾಧನೆ ಕೆಲ್ಪ್ ಕಾಡು. ಕೆಲ್ಪ್ ಎಂದರೆ ಆಳೆತ್ತರವನ್ನು ಮೀರಿ ಬೆಳೆಯುವ ಕಡಲಪಾಚಿ. ಅದಕ್ಕೆ ಬಿಸಿಲು ಬೇಕು, ತಣ್ಣೀರು ಬೇಕು, ನೀರು ಸದಾ ಅಲುಗುತ್ತಲೂ ಇರಬೇಕು. 28 ಅಡಿ ಎತ್ತರದ ತೊಟ್ಟಿಯ ನೆತ್ತಿಯನ್ನು ಆಕಾಶಕ್ಕೆ ತೆರೆದಿಟ್ಟು, ಯಂತ್ರದಿಂದ ಅಲೆ ಎಬ್ಬಿಸಿ ಅದನ್ನು ಬೆಳೆಸಿದರು. ನೀರು ಎದುರಿನ ಕೊಲ್ಲಿಯದೇ. ಹಗಲು, ನೋಡುವವರಿಗೆ ಕಾಣಲೆಂದು ಸೋಸುತ್ತಾರೆ. ರಾತ್ರಿ ಸೋಸದೆ ಬಿಡುತ್ತಾರೆ. ಆಗ ಕಣ್ಣಿಗೆ ಕಾಣದ ಮರಿಗಳೂ ಬೀಜಾಣುಗಳೂ ಒಳಬಂದು, ಯಾರೂ ತಂದಿಡದ ಸ್ಪಂಜುಗಳು ಬಂಡೆಗಳ ಮೇಲೆ ತಾವಾಗಿ ನೆಲೆಯೂರುತ್ತವೆ. ದೂರದೇಶದ ಬಣ್ಣದ ಮೀನು ತಂದು ಗಾಜಿನ ಹಿಂದೆ ಮೆರೆಸುವ ಅಕ್ವೇರಿಯಂಗಳು ಬೇಕಾದಷ್ಟಿವೆ. ಪಕ್ಕದ ಕಡಲನ್ನೇ ಊರವರಿಗೆ ತೋರಿಸುವ ಧೈರ್ಯ ಅಪರೂಪ.

ಆ ಧೈರ್ಯ ಸಡಿಲಿದ್ದು ದೊಡ್ಡ ಬಿಳಿ ಶಾರ್ಕಿನ ವಿಷಯದಲ್ಲಿ. 2004ರಲ್ಲಿ ತಂದ ಎಳೆಯ ಹೆಣ್ಣು ಶಾರ್ಕು 198 ದಿನ ಇತ್ತು, ಜನ ಮುಗಿಬಿದ್ದರು. ಅದು ತೊಟ್ಟಿಯ ಬೇರೆ ಶಾರ್ಕುಗಳನ್ನು ಕೊಂದ ಮೇಲೆ ಕಡಲಿಗೆ ಬಿಟ್ಟರು. ಆಮೇಲೂ ಐದನ್ನು ತಂದರು. 2011ರ ಕೊನೆಯದು ಬಿಟ್ಟ ಸ್ವಲ್ಪ ಹೊತ್ತಿಗೇ ಸತ್ತಿತು, ಪ್ರದರ್ಶನ ಅಲ್ಲಿಗೆ ನಿಂತಿತು. ಶಾರ್ಕಿನ ಮೇಲಿನ ಭಯ ಕಳೆಯಿತು, ಸಂಶೋಧನೆಗೆ ನೆರವಾಯಿತು ಎಂಬ ಸಮರ್ಥನೆಯಲ್ಲಿ ಸತ್ಯವಿದೆ. ಆದರೂ ಸಾವಿರಾರು ಮೈಲಿ ಅಲೆಯುವ ಪ್ರಾಣಿಗೆ ತೊಟ್ಟಿ ತಕ್ಕ ಜಾಗವಲ್ಲ.

ಕಡಲ ನೀರುನಾಯಿಗಳಿಗಾಗಿ ಅಕ್ವೇರಿಯಂ ಮಾಡುವ ಕೆಲಸ ಇದಕ್ಕೆ ತದ್ವಿರುದ್ಧ. ತಾಯಿ ತಪ್ಪಿದ ಮರಿಗಳನ್ನು, ಕಡಲಿಗೆ ಮರಳಲಾಗದ ಹೆಣ್ಣು ನೀರುನಾಯಿಗಳ ಮಡಿಲಿಗೆ ಹಾಕುತ್ತಾರೆ. ಮನುಷ್ಯರಿಗೆ ಒಗ್ಗಿಹೋಗದಿರಲೆಂದು ಸಿಬ್ಬಂದಿ ಮುಖ, ಮೈ ಮರೆಮಾಡಿಕೊಂಡೇ ಹತ್ತಿರ ಹೋಗುತ್ತಾರೆ. ಟಿಕೆಟ್ ಕೊಂಡವರಿಗೆ ಈ ಮರಿಗಳನ್ನು ಸಾಕುವ ತೊಟ್ಟಿಗಳು ಕಾಣುವುದಿಲ್ಲ. ಹತ್ತಿರದ ಎಲ್ಕ್‌ಹಾರ್ನ್ ಅಳಿವೆಯಲ್ಲಿ 2002ರಿಂದ 2016ರವರೆಗೆ ಹೆಚ್ಚಿದ ನೀರುನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಹೀಗೆ ಸಾಕುತಾಯಂದಿರ ಬಳಿ ಬೆಳೆದವು ಮತ್ತು ಅವುಗಳ ಸಂತಾನ.