ತಂಗಡಿಗೆ ನೀರು ಹೊಯ್ಯಬೇಡಿ

ಮೊದಲು, ಹಳದಿ ಹೂವಿನ ತಂಗಡಿ ಗಿಡ ಸವರುವ ವಿಚಾರ. ಅದು ಎರಡೇ ಮಾತಿನಲ್ಲಿ ಮುಗಿಯುತ್ತದೆ. ಕಾಯಿ ಒಣಗಿದ ಮೇಲೆ, ಮುಂಗಾರಿಗೆ ಮುಂಚೆ, ಮೂರರಲ್ಲೊಂದು ಭಾಗ ಕತ್ತರಿಸಿ. ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಕತ್ತರಿಗೆ ಅಂಜಿದವರ ಗಿಡ ಬುಡದಲ್ಲಿ ಬರೀ ಕಡ್ಡಿಯಾಗಿ ನಿಲ್ಲುತ್ತದೆ.

‘ನೆಟ್ಟೆ, ದಿನಾ ನೀರು ಹಾಕಿದೆ, ಸತ್ತುಹೋಯಿತು’ ಎಂದು ಓದುಗರು ಬರೆಯುತ್ತಲೇ ಇರುತ್ತಾರೆ. ದಿನಾ ನೀರು ಹಾಕಿದ್ದಕ್ಕೇ ಸತ್ತಿದೆ ಸ್ವಾಮಿ! ಕಲ್ಲುನೆಲದಲ್ಲಿ ತಾಯಿಬೇರು ಇಳಿಸಿ ಬದುಕುವ ಗಿಡ ಇದು. ಪ್ಲಾಸ್ಟಿಕ್ ಚೀಲದಲ್ಲಿ ಬೇರು ಸುರುಳಿ ಸುತ್ತಿಕೊಂಡ ಸಸಿ ತರುವುದಕ್ಕಿಂತ ಬೀಜ ಊರುವುದು ಲೇಸು. ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ಬಿಡಿ, ಇಲ್ಲವೇ ಉಪ್ಪುಕಾಗದಕ್ಕೆ ತಿಕ್ಕಿ. ಮೊದಲ ಮಳೆಗಾಲ ದಾಟಿದರೆ ಆಮೇಲೆ ನಿಮ್ಮ ಹಂಗು ಅದಕ್ಕಿಲ್ಲ. ಬೇಳೆಕಾಳಿನ ಬಳಗದ್ದೆಂದು ಇದರ ಬೇರಿನಲ್ಲೂ ಸಾರಜನಕದ ಗಂಟು ಹುಡುಕುವವರಿದ್ದಾರೆ. ಇದಕ್ಕೆ ಆ ಗಂಟುಗಳಿಲ್ಲ. ಆದರೂ ಇದರ ಸೊಪ್ಪನ್ನು ಗದ್ದೆಗೆ ಹಾಕಿ ತುಳಿಯುವ ರೂಢಿ ಹಳೆಯದು.

ನರ್ಸರಿಗೆ ಹೋಗಿ ಹಳದಿ ಹೂವಿನ ಪೊದೆ ಕೇಳಿದರೆ ಅಮೆರಿಕ ಮೂಲದ ಟೆಕೋಮಾ ಕೈಗಿಡುತ್ತಾರೆ. ಹೊರಗಿನದನ್ನೇ ಮೆಚ್ಚುವ ಈ ಪಂಥದೊಡನೆ ನನ್ನ ಜಗಳ ಹಳೆಯದು. ಅಂದಕ್ಕೆಂದು ತಂದ ಸೆನ್ನಾ ಸ್ಪೆಕ್ಟಾಬಿಲಿಸ್ ಮರವೂ ಹಳದಿ ಹೂವಿನದೇ, ಇದೇ ತಂಗಡಿಯ ದಾಯಾದಿ. ಇವತ್ತು ಬಂಡೀಪುರ, ನಾಗರಹೊಳೆ, ವಯನಾಡಿನ ಕಾಡುಗಳಲ್ಲಿ ಹಬ್ಬಿ ಅಡಿಗಿಡಗಳನ್ನು ಏಳಗೊಡುತ್ತಿಲ್ಲ. ನೆರೆಯ ತೆಲಂಗಾಣ ತಂಗಡಿಯನ್ನೇ ರಾಜ್ಯದ ಹೂವಾಗಿಸಿಕೊಂಡಿದೆ. ಅಲ್ಲಿ ಬತುಕಮ್ಮ ಹಬ್ಬದ ಹೂರಾಶಿ ಜೋಡಿಸಲು ಈ ಹೂ ಬೇಕೇ ಬೇಕು. ನಾವು ಅದನ್ನು ಬೇಲಿ ಮೂಲೆಗೆ ಬಿಟ್ಟಿದ್ದೇವೆ. ಒಂದು ಕಾಲಕ್ಕೆ ಮದರಾಸು ಸೀಮೆಯ ತೊಗಲು ಹದ ಮಾಡುವವರಿಗೆ ಇದರ ತೊಗಟೆಯೇ ಆಧಾರವಾಗಿತ್ತು. ವಾಟಲ್ ಮರದ ತೊಗಟೆ ಬಂದು ಇದನ್ನು ಮೂಲೆಗೆ ತಳ್ಳಿತು.

ಬೆಳಗಿನ ಬಿಸಿಲಲ್ಲಿ ಹೂವಿನ ಪಕ್ಕ ನಿಂತು ಕಿವಿಗೊಡಿ. ದೊಡ್ಡ ಕರಿದುಂಬಿ ಬಂದು ಕೇಸರಗಳನ್ನು ತಬ್ಬಿ ಹಿಡಿಯುತ್ತದೆ. ಹಾರುವಾಗಿನ ಗುಂಯ್‌ಗುಡುವಿಕೆ ನಿಂತು, ಅದಕ್ಕಿಂತ ಎತ್ತರದ ಸ್ವರವೊಂದು ತುಸು ಹೊತ್ತು ಝೇಂಕರಿಸುತ್ತದೆ. ರೆಕ್ಕೆಯ ಸ್ನಾಯುಗಳನ್ನೇ ಅದುರಿಸಿ ದುಂಬಿ ಹೂವನ್ನು ನಡುಗಿಸುತ್ತಿದೆ. ಈ ಪರಾಗಕೋಶಗಳು ಸೀಳಿ ತೆರೆಯುವುದಿಲ್ಲ. ತುದಿಯ ಸಣ್ಣ ತೂತಿನಿಂದ ಪರಾಗ ಚಿಮ್ಮಬೇಕು. ತುಡುವೆ, ಹೆಜ್ಜೇನುಗಳಿಗೆ ಈ ವಿದ್ಯೆ ಬಾರದು, ಉದುರಿದ್ದನ್ನು ಆಯ್ದುಕೊಳ್ಳುತ್ತವೆ. ಹೂವಿನಲ್ಲಿ ಮಕರಂದ ಒಂದು ಹನಿಯೂ ಇಲ್ಲ. ಸಿಹಿ ಇರುವುದು ಎಲೆಯಲ್ಲಿ, ಜೋಡಿ ಕಿರುಎಲೆಗಳ ನಡುವಿನ ಕಡ್ಡಿಯಂಥ ಗ್ರಂಥಿಯಲ್ಲಿ. ಅದನ್ನು ನೆಕ್ಕಲು ಇರುವೆಗಳು ಸಾಲುಗಟ್ಟುತ್ತವೆ.

ಎಲೆಯಲ್ಲಿ ಹಸಿರು ಹುಳು ಕಂಡರೆ ಔಷಧಿ ಡಬ್ಬಿ ಹುಡುಕಬೇಡಿ. ಹಳದಿ ಚಿಟ್ಟೆಗಳ ಮರಿಗಳವು, ತಿಂದು ಹೋಗುತ್ತವೆ. ಗಿಡ ಮತ್ತೆ ಚಿಗುರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ರಸ್ತೆಬದಿಯ ತಂಗಡಿಯಿಂದ ಒಣಗಿದ ಕಾಯಿಗಳನ್ನು ಒಂದು ಹಿಡಿ ತನ್ನಿ. ಗಿಡ ಮಾತ್ರ ಕೀಳಬೇಡಿ.