ಏಳು ಗುಣಾಕಾರ, ಇಪ್ಪತ್ತೊಂಬತ್ತು ಅಂಕಿ

ಶ್ರವಣಬೆಳಗೊಳ ಎಂದೊಡನೆ ಎಲ್ಲರ ಬಾಯಿಗೆ ಬರುವ ಸಂಖ್ಯೆ 58, ಗೊಮ್ಮಟನ ಎತ್ತರ ಅಡಿಗಳಲ್ಲಿ. ನನಗೆ ನೆನಪಾಗುವುದು ಬೇರೆಯೇ ಒಂದು ಸಂಖ್ಯೆ: 79228162514264337593543950336.

ಮೂರ್ತಿಯನ್ನು ಕೆತ್ತಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಪ್ರಾಕೃತದಲ್ಲಿ ಬರೆದ 'ಗೊಮ್ಮಟಸಾರ'ದ ಜೀವಕಾಂಡದಲ್ಲಿ ಇದು ಬರುತ್ತದೆ. ಜೈನ ಆಗಮದ ಪ್ರಕಾರ ಪರ್ಯಾಪ್ತ ಮನುಷ್ಯರ ಸಂಖ್ಯೆ ಇದು. ಆ ಶಾಸ್ತ್ರಾರ್ಥ ಬಲ್ಲವರಿಗಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಖ್ಯೆಯನ್ನು ಕಟ್ಟಿದ ರೀತಿ.

2ರ ವರ್ಗ 4, ಅದರ ವರ್ಗ 16, ಮುಂದೆ 256, ಆಮೇಲೆ 65536. ಐದನೆಯ ವರ್ಗ 4294967296. ಆಚಾರ್ಯರು ಇದನ್ನು ಬಾದಾಲ ಎನ್ನುತ್ತಾರೆ. ಆರನೆಯದು ಏಕಟ್ಠಿ, 18446744073709551616. ಬಾದಾಲವನ್ನು ಏಕಟ್ಠಿಯಿಂದ ಗುಣಿಸಿದರೆ ನಮ್ಮ ಸಂಖ್ಯೆ ಸಿದ್ಧ. ಆರು ಸಲ ವರ್ಗ, ಒಂದು ಸಲ ಗುಣಾಕಾರ, ಅಷ್ಟಕ್ಕೇ 29 ಅಂಕಿ! ಬಾದಾಲದ ಘನವೂ ಇದೇ, 65536ರ ಆರನೆಯ ಘಾತವೂ ಇದೇ.

ಒಂದು ಸಂಖ್ಯೆಯನ್ನು ಎಷ್ಟು ಸಲ ಅರೆಮಾಡಿದರೆ 1 ಉಳಿಯುತ್ತದೋ ಅದು ಅದರ ಅರ್ಧಚ್ಛೇದ. ಬಾದಾಲಕ್ಕೆ 32, ಏಕಟ್ಠಿಗೆ 64. ಸಂಖ್ಯೆಗಳನ್ನು ಗುಣಿಸಿದಾಗ ಅರ್ಧಚ್ಛೇದಗಳನ್ನು ಕೂಡಿದರೆ ಸಾಕು, ಹಾಗಾಗಿ ಇಲ್ಲಿ 96. ಇಂದಿನ ಭಾಷೆಯಲ್ಲಿ ಇದು ಎರಡನ್ನು ಆಧಾರವಾಗಿಟ್ಟ ಲಾಗರಿದಮ್. ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರ 'ಧವಲಾ' ಟೀಕೆಯಲ್ಲಿ ಈ ಲೆಕ್ಕ ಬಳಕೆಯಲ್ಲಿತ್ತು. ಆ ಟೀಕೆಯ ತಾಳೆಗರಿಗಳನ್ನು ನಮ್ಮ ಮೂಡಬಿದಿರೆ ಕಾಪಾಡಿಕೊಂಡು ಬಂತು. ಯುರೋಪಿನಲ್ಲಿ ನೇಪಿಯರನ ಲಾಗರಿದಮ್ ಕೋಷ್ಟಕ ಬಂದದ್ದು 1614ರಲ್ಲಿ.

ಇಷ್ಟುದ್ದದ ಸಂಖ್ಯೆಯನ್ನು ಬಾಯಿಪಾಠದಲ್ಲಿ ಉಳಿಸಿಕೊಳ್ಳುವುದು ಹೇಗೆ? ಗೊಮ್ಮಟಸಾರ ಒಂದೇ ಗಾಹೆಯಲ್ಲಿ ಅದನ್ನು ಕಟಪಯಾದಿಯಂತೆ ಅಕ್ಷರಗಳಲ್ಲಿ ಅಡಗಿಸಿದೆ. ತ ಎಂದರೆ 6, ಲ ಎಂದರೆ 3, ನ ಎಂದರೆ 0. ಬಿಡಿ ಸ್ಥಾನದಿಂದ ಆರಂಭಿಸಿ ಎಡಕ್ಕೆ ಬರೆಯುತ್ತ ಹೋಗಬೇಕು. ನಾನು ಅಕ್ಷರಕ್ಕೆ ಅಕ್ಷರ ಬಿಡಿಸಿ ನೋಡಿದ್ದೇನೆ, 29 ಅಂಕಿಗಳೂ ಸರಿಯಾಗಿವೆ. ಸಾವಿರ ವರ್ಷ ಕೈಯಿಂದ ಕೈಗೆ ನಕಲಾಗುತ್ತ ಬಂದ ಪದ್ಯದಲ್ಲಿ ಒಂದು ಅಂಕಿಯೂ ಕೆಟ್ಟಿಲ್ಲ ಎಂಬುದು ನನಗೆ ಗೊಮ್ಮಟನಷ್ಟೇ ದೊಡ್ಡ ವಿಷಯ. 1359ರಲ್ಲಿ ಕೇಶವವರ್ಣಿ ಈ ಗ್ರಂಥಕ್ಕೆ ಕನ್ನಡದಲ್ಲೇ ವೃತ್ತಿ ಬರೆದ.

ಇನ್ನೊಂದು ಸ್ವಾರಸ್ಯ. ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ ಹಣದ ಲೆಕ್ಕಕ್ಕೆ ಬಳಸುವ 'ಡೆಸಿಮಲ್' ಎಂಬ ಸಂಖ್ಯಾ ನಮೂನೆ ಇದೆ. ಅದು ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ ನೇಮಿಚಂದ್ರರ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ. ಕಾರಣ, ಅಲ್ಲಿಯೂ ಅಂಕಿಗಳಿಗೆ ಮೀಸಲಿಟ್ಟದ್ದು 96 ಬಿಟ್.

ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಈ ಭಾನುವಾರ ಏಳೂ ಗುಣಾಕಾರಗಳನ್ನು ಕಾಗದದ ಮೇಲೆ ಮಾಡಿಸಿ. ಅಂಕಿಗಳ ಮೊತ್ತ 127 ಬರಬೇಕು. ಅಂಕಿಗಳು ಅದಲುಬದಲಾಗಿದ್ದರೆ ಮೊತ್ತ ಅದನ್ನು ಹಿಡಿಯದು. ಅನುಮಾನ ಬಂದರೆ ಅರೆಮಾಡುತ್ತ ಹೋಗಲಿ, 96ನೆಯ ಸಲಕ್ಕೆ 1 ಉಳಿಯಬೇಕು.